ಅಸಲಿ ಬ್ಯಾಗ್ ತೋರಿಸಲು ಹೋದದ್ದು

ಅಕ್ಕಿಆಲೂರಿನ ಮಹಿಳಾ ಸಂಘಕ್ಕೆ ನಕಲಿ ಮಾಲಿನ ಬಗ್ಗೆ ತಿಳಿಹೇಳಲು ಹೋಗಿದ್ದೆ. ಸಂತೆಯಿಂದ ತಂದ ಅಗ್ಗದ ‘ಫಾರಿನ್’ ಬ್ಯಾಗಿನ ಪಕ್ಕದಲ್ಲಿ, ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕೊಂಡ ನನ್ನ ಹೆಸರಾಂತ ಕಂಪನಿಯ ಬ್ಯಾಗನ್ನಿಟ್ಟೆ. “ಅಸಲಿ ಅಂದ್ರ ಹಿಂಗಿರತೈತ್ರಿ, ಅಪ್ಪಟ ಚರ್ಮ. ಮುಟ್ಟಿ ನೋಡ್ರಿ” ಎಂದೆ.

ಸವಣೂರಿನಿಂದ ಬಂದಿದ್ದ, ಚೀಲ ಹೊಲಿಯುವ ಬೀಬಿಜಾನ್ ನನ್ನ ಬ್ಯಾಗಿನ ಹಿಡಿಕೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು.

“ಅಕ್ಕಾರ, ಚರ್ಮದೊಳಗ ಬಟ್ಟಿ ಎಳಿ ಇರೂದಿಲ್ರಿ. ಇದು ರೆಕ್ಸಿನ್.”

“ಅದರ ಜೋಡಿ ಗ್ಯಾರಂಟಿ ಕಾರ್ಡ್ ಕೊಟ್ಟಾರ್ರಿ!”

“ಬ್ಯಾಗ್ ಮಾಡಿದವರಿಗೆ ಕಾರ್ಡ್ ಮಾಡೂದೇನು ದೊಡ್ಡದ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಸಂಘದ ಅಧ್ಯಕ್ಷೆ ಎದ್ದು ಚಪ್ಪಾಳೆ ತಟ್ಟಿದರು. “ನಮ್ಮನ್ನ ಪರೀಕ್ಷಾ ಮಾಡಾಕ ಬೇಕಂತನ ಎರಡೂ ನಕಲಿ ತಂದಾರ! ಎಷ್ಟ್ ಶಾಣ್ಯಾ ಅದಾರ ನೋಡ್ರಿ!”

ಹೌದೆಂದು ನಕ್ಕೆ. ಅವತ್ತು ನಾನು ತೋರಿಸಿದ ಮೂರನೆಯ ನಕಲಿ ಮಾಲು ಆ ನಗು. ಅದನ್ನು ಮಾತ್ರ ಯಾರೂ ಕೆರೆದು ನೋಡಲಿಲ್ಲ.