ಮುಂದಿನ ಗಾಜಿನಲ್ಲಿ ಮಗಳ ಫೋನು

೧೯೯೪ರಲ್ಲಿ, ಒಂಬತ್ತನೇ ಇಯತ್ತೆಯ ಅರ್ಧಕ್ಕೇ, ನಾನು ಶಾಲೆ ಬಿಟ್ಟೆ. ಅಂಥ ನಾನು ಕಳೆದ ತಿಂಗಳು ಎಂಬಿಎ ಓದಿದ ಏರಿಯಾ ಮ್ಯಾನೇಜರ್ ಒಬ್ಬರನ್ನು ಅಂಗಡಿಯಿಂದ ಬರಿಗೈಯಲ್ಲಿ ಕಳಿಸಿದೆ. ವಿಸಿಟಿಂಗ್ ಕಾರ್ಡ್ ಕೊಟ್ಟರು, ಇಟ್ಟುಕೊಂಡೆ. ಚಹಾ ತರಿಸಿದೆ, ಕುಡಿದರು. ನಿಮ್ಮ ಫೋನ್ ಮುಂದಿನ ಗಾಜಿನಲ್ಲಿ ಇಡುವುದಿಲ್ಲ ಎಂದೆ. ಎದ್ದು ಹೋದರು.

ಆ ಮ್ಯಾನೇಜರ್ ನನ್ನ ಮಗಳು ಅಶ್ವಿನಿ.

(ಅಂದು ಮನೆಯಲ್ಲಿ ಊಟ ಸಿಕ್ಕಿತೇ ಎಂದು ಕೇಳಬೇಡಿ. ಅಲ್ಲಿಗೂ ಬರುತ್ತೇನೆ.)

ಡೊಂಬಿವಲಿ ಸ್ಟೇಷನ್ನಿನಿಂದ ಹೊರಬಿದ್ದವರ ಕಣ್ಣು ಮೊದಲು ಬೀಳುವುದು ನನ್ನ ಮೊಬೈಲ್ ಅಂಗಡಿಯ ಮುಂದಿನ ಗಾಜಿನ ಮೇಲೆ. ಬೇರೆ ಅಂಗಡಿಗಳಲ್ಲಿ ಆ ಜಾಗಕ್ಕೆ ಕಂಪನಿಗಳು ಬಾಡಿಗೆ ಕೊಡುತ್ತವೆ. ನನ್ನಲ್ಲಿ ಅದು ನಡೆಯುವುದಿಲ್ಲ. ಯಾವ ಫೋನಿನ ಸ್ಕ್ರೀನು, ಬ್ಯಾಟರಿ ನನ್ನ ಡ್ರಾವರಿನಲ್ಲಿ ಇದೆಯೋ ಅದಕ್ಕೆ ಮಾತ್ರ ಮುಂದಿನ ಗಾಜು. ಉಳಿದದ್ದು ಹಿಂದಿನ ಕಪಾಟು. ಅಂಗಡಿ ತೆರೆದ ದಿನದಿಂದ ಇದೇ ರೂಲು.

ಮಗಳ ಕಂಪನಿಯೇನು ಚಿಕ್ಕದಲ್ಲ. ಒಂದು ಕಾಲಕ್ಕೆ ಲೋಕಲ್ ರೈಲಿನ ಡಬ್ಬಿಯ ತುಂಬ ಅದರದೇ ರಿಂಗ್‌ಟೋನ್. ಈಗ? ದೊಡ್ಡ ಕಂಪನಿಗಳು ತಿಂಗಳಿಗೊಂದು ಮಾಡೆಲ್ ತರುತ್ತವೆ, ಆನ್‌ಲೈನಿನಲ್ಲಿ ಆಫರ್ ಸುರಿಯುತ್ತವೆ. ಇದು ಏದುಸಿರು ಬಿಡುತ್ತಿದೆ. ದೀಪಾವಳಿಯೊಳಗೆ ಕಲ್ಯಾಣ-ಡೊಂಬಿವಲಿಯಲ್ಲಿ ಮಾರಾಟ ಎದ್ದು ಕೂರದಿದ್ದರೆ ಈ ಏರಿಯಾ ಬಂದ್. ಏರಿಯಾ ಬಂದ್ ಎಂದರೆ ಅಶ್ವಿನಿಯ ನೌಕರಿಯೂ ಬಂದ್.

ಇದೆಲ್ಲ ಗೊತ್ತಿದ್ದೂ ಆ ದಿನ ಅಂಗಡಿಯಲ್ಲಿ ಕೇಳಿದೆ, "ಸ್ಕ್ರೀನ್ ಒಡದ್ರ ಎಲ್ಲಿ ಹೋಗ್ಬೇಕು?"

"ನೌಪಾಡಾದಲ್ಲಿ ಸರ್ವಿಸ್ ಸೆಂಟರ್ ಇತ್ತು. ಅಭೀ ಬಂದ್ ಹೋ ಗಯಾ. ಲೇಕಿನ್ ಕುರಿಯರ್ ಪಿಕಪ್ ಇದೆ, ಪಪ್ಪಾ."

"ಪಪ್ಪಾ ಮನ್ಯಾಗ. ಇಲ್ಲಿ ಸೇಠ್."

"ಓಕೆ, ಸೇಠ್." ಹಲ್ಲು ಕಚ್ಚಿಯೇ ಅಂದಳು.

"ರಿಕ್ಷಾದವನ ಫೋನು ಕುರಿಯರಿನ್ಯಾಗ ಹೋತು ಅಂತ ತಿಳ್ಕೋ. ಅಲ್ಲೀತನಕ ಅಂವ ಬಾಡಗಿ ಹ್ಯಾಂಗ್ ತಗೋತಾನ? ಸ್ಕ್ಯಾನ್ ಮಾಡಾಕ ಹಣಿ ತೋರಸ್ತಾನೇನು?"

ಬ್ಯಾಗು ಹೆಗಲಿಗೇರಿಸಿ ಎದ್ದಳು. ಹೋದಳು.

ಮನೆಯಲ್ಲಿ ಹೆಂಡತಿ ರೊಟ್ಟಿಯನ್ನು ತಟ್ಟೆಗೆ ಬಡಿದೇ ಹಾಕಿದಳು. "ಊರ ಮಂದಿ ಫೋನ್ ಎಲ್ಲಾ ಹಚ್ಚಿ ಇಡ್ತೀರಿ. ಹಡದ ಮಗಳಿಗಿ ಗೇಣು ಜಾಗಾ ಕೊಟ್ರ ನಿಮ್ಮ ಗಂಟೇನ್ ಹೊಕ್ಕಿತ್ತ್ರೀ?"

ಗಂಟು ಹೋಗುತ್ತಿತ್ತು. ನನ್ನ ಮಾತು ಹೋಗುತ್ತಿತ್ತು. ಗಿರಾಕಿ ನನ್ನ ಅಂಗಡಿಯಲ್ಲಿ ಡಬ್ಬಿಯ ಮೇಲಿನ ಹೆಸರು ಓದುವುದಿಲ್ಲ. "ಸೇಠ್, ಆಪ್ ಬೋಲೋ" ಎನ್ನುತ್ತಾನೆ. ನಾನು ಬೆರಳು ತೋರಿಸಿದ್ದನ್ನು ಒಯ್ಯುತ್ತಾನೆ. ಆ ಬೆರಳನ್ನು ಮಗಳಿಗಾಗಿ ಬಗ್ಗಿಸಲೇ?

ಆ ವಾರವಿಡೀ ಮಗಳು ಬೆಳಗ್ಗೆ ಐರೋಲಿಯ ಆಫೀಸಿಗೆ ಹೊರಡುವಾಗ ಅವ್ವನಿಗೆ ಮಾತ್ರ ಟಾಟಾ.

ಮರುವಾರ ಅಂಗಡಿಯ ಮುಂದೆ ಟೆಂಪೊ ನಿಂತಿತು. ಅಶ್ವಿನಿ ಇಳಿದಳು. ದುಪಟ್ಟಾದ ತುಂಬ ಧೂಳು, ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಕೌಂಟರಿನ ಮೇಲೆ ಧಡ್ಡನೆ ಇಟ್ಟಳು. ಒಳಗೆ ಒಂದೊಂದನ್ನೂ ಬಬಲ್ ಶೀಟಿನಲ್ಲಿ ಸುತ್ತಿದ ಸ್ಕ್ರೀನುಗಳು, ಬ್ಯಾಟರಿಗಳು, ಚಾರ್ಜಿಂಗ್ ಪಿನ್ನುಗಳು.

"ಎಲ್ಲಿಂದ ತಂದಿ?"

"ಭಿವಂಡಿ ಗೋದಾಮಿಂದ. ಮಾರದೇ ವಾಪಸ್ ಬಂದ ಫೋನ್ ರಾಶಿ ಬಿದ್ದಿದ್ವು. ಬಿಚ್ಚಿಸಿ ಸ್ಪೇರ್ ಮಾಡಿಸಿದೆ. ಬಾಸ್‌ಗೆ ಅಂದೆ, ಸರ್, ಈ ಸಲ ಅಂಗಡಿಗಳಿಗೆ ಬೋರ್ಡ್ ಬೇಡ, ಬಲೂನ್ ಬೇಡ, ಇದು ಕೊಡೋಣ."

"ಒಪ್ಪಿದನಾ?"

"ಸಹಜಾಸಹಜೀ ನಾಹೀ, ಸುಲಭಕ್ಕೆ ಒಪ್ಪಲಿಲ್ಲ. ಬಹಳ ಜಗಳ ಆಯ್ತು." ನಕ್ಕಳು. "ಬೇರೆ ಅಂಗಡಿಗಳಿಗೂ ಕೊಟ್ಟು ಬಂದೆ. ನಿಮ್ಮದೇ ಲಾಸ್ಟ್. ನೀವು ಪಪ್ಪಾ ಅಂತ ಮೊದಲು ಕೊಟ್ಟೆ ಅನ್ನಬಾರದು ನಾ?"

ಒಂದು ಸ್ಕ್ರೀನ್ ಬಿಚ್ಚಿ ಹಾಕಿ ನೋಡಿದೆ. ಹತ್ತಿತು. ಬ್ಯಾಟರಿ ಹಾಕಿದೆ. ಹಿಡಿಯಿತು. ಡ್ರಾವರ್ ತೆರೆದು ಎಲ್ಲ ಜೋಡಿಸಿದೆ. ಆಮೇಲೆ ಹಿಂದಿನ ಕಪಾಟಿನಿಂದ ಅವಳ ಕಂಪನಿಯ ಫೋನುಗಳನ್ನು ತೆಗೆದು ಮುಂದಿನ ಗಾಜಿಗೆ ತಂದೆ.

ಥ್ಯಾಂಕ್ಯೂ ಹೇಳಿದಳೇ? ರಸ್ತೆಗೆ ಇಳಿದು ನಿಂತು ಕೂಗಿದಳು: "ಸೇಠ್, ಥೋಡಾ ಲೆಫ್ಟ್! ಲೈಟ್ ಬೀಳ್ತಾ ಇಲ್ಲ!"

ಎಡಕ್ಕೆ ಸರಿಸಿದೆ. ಅವಳು ಹೇಳಿದ್ದು ಸರಿಯಿತ್ತು.

ಸೋಲುತ್ತಿರುವ ಕಂಪನಿ ಬದುಕುತ್ತದೆಯೇ ಎಂದು ತಿಳಿಯಲು ಎಲ್ಲರೂ ಕ್ಯಾಮೆರಾ ಎಣಿಸುತ್ತಾರೆ, ಜಾಹೀರಾತು ಎಣಿಸುತ್ತಾರೆ. ಸಂಜೆಯ ಕಲ್ಯಾಣ ಲೋಕಲ್ಲಿನಲ್ಲಿ ಒಮ್ಮೆ ನಿಂತು ನೋಡಿ. ಆ ನೂಕಾಟದಲ್ಲಿ ಫೋನು ಕೈಜಾರಿ ಬಿದ್ದಾಗ ಯಾರ ಕ್ಯಾಮೆರಾ ದೊಡ್ಡದು ಎಂದು ಯಾರಾದರೂ ಕೇಳುತ್ತಾರೆಯೇ? ಯಾರ ಬಳಿ ರಿಪೇರಿ ಆಗುತ್ತದೆ ಎಂದು ಕೇಳುತ್ತಾರೆ. ಮಾರಿದ ಮರುದಿನವೂ ಶಟರ್ ಎತ್ತಿ ನಿಲ್ಲುವವನು ಬದುಕುತ್ತಾನೆ. ನಾನು ಬದುಕಿದ್ದು ಹಾಗೆ.

ಈ ಕಂಪನಿ ದೀಪಾವಳಿ ದಾಟುತ್ತದೆಯೇ? ನನಗೆ ಗೊತ್ತಿಲ್ಲ. ಆದರೆ ಅದು ಮುಳುಗಿದರೂ, ಆ ಫೋನ್ ಒಯ್ದವರು ನನ್ನಲ್ಲಿಗೆ ಬಂದಾಗ ನನ್ನ ಡ್ರಾವರ್ ಖಾಲಿ ಇರುವುದಿಲ್ಲ.

ಒಂಬತ್ತನೇ ಇಯತ್ತೆ ಮುಗಿಸದ ನನ್ನ ಬಳಿ ಇಂದು ಇರುವುದು ಇಷ್ಟು: ಒಂದು ಅಂಗಡಿ, ಎರಡು ರಿಪೇರಿ ಟೇಬಲ್, ಮತ್ತು ಅಪ್ಪನ ಗಾಜಿನಲ್ಲೂ ಜಾಗವನ್ನು ದುಡಿದೇ ಗಳಿಸಿದ ಒಬ್ಬ ಮಗಳು.