ಉಡಿ ತುಂಬೋ ಮುದುಕಿ ಇರೋ ಆಟ

ನಾ ಹೇಳಿದ ಆಟ ಯಾರೂ ಆಡಂಗಿಲ್ಲ. ರಾಯಚೂರಿನ ಒಂದು ಖಾಸಗಿ ಸಾಲ್ಯಾಗ ಕಂಪ್ಯೂಟರ್ ಕಲಸ್ತೀನಿ ನಾ. ಆಟದ ಹುಚ್ಚು ಮೊದಲಿಂದ ಅದ. ಅದೂ ಎಲ್ಲಾರೂ ಆಡೋ ಢಂ ಢಂ ಆಟ ಅಲ್ಲ. ಎಲ್ಲೋ ಯಾವುದೋ ದೇಶದಾಗ ಒಬ್ಬರೋ ಇಬ್ಬರೋ ಕೂತು, ತಾವೇ ಚಿತ್ರಾ ಬರದು, ತಾವೇ ರಾಗ ಕೂಡಿಸಿ ಮಾಡಿರ್ತಾರಲ್ಲ, ಅಂಥ ಸಣ್ಣ ಆಟ. ಮಳಿ ಬರೋದ್ರಾಗ ಮಾಳಗಿ ಮ್ಯಾಲಿನ ಅರಿವಿ ತಗದು ಒಳಗ ಹಾಕೋದಷ್ಟೇ ಇರೋ ಒಂದು ಆಟ ಅದ. ಆಡಿ ನೋಡ್ರಿ, ಎದಿ ಹೆಂಗ ಡವಡವ ಅಂತದ. ಕಣ್ಣು ಕಾಣದ ಮುದುಕ ಒಬ್ಬ ಬರೇ ಸಪ್ಪಳದ ಮ್ಯಾಲ ತನ್ನ ಅಡಗಿ ಮನ್ಯಾಗ ಚಾ ಕಾಸಿಕೊಳ್ಳೋದು ಇನ್ನೊಂದು ಆಟ. ಅದನ್ನ ಆಡಿದ ಮ್ಯಾಲ ನಮ್ಮನಿ ಅಡಗಿ ಮನಿ ನನಗ ಬ್ಯಾರೇನೇ ಕಾಣಾಕತ್ತು.

ಇದನ್ನೆಲ್ಲಾ ಮಕ್ಕಳಿಗಿ ಹೇಳ್ತೀನಿ.

"ಟೀಚರ್, ಅದರಾಗ ಬಂದೂಕ ಅದ ಏನ್ರಿ?"

"ಇಲ್ಲ."

"ಕಾರ್ ರೇಸು?"

"ಇಲ್ಲೋ ಮಾರಾಯ."

"ಮತ್ತೇನು ಮಾಡಬೇಕ್ರಿ ಅದರಾಗ?"

"ಚಾ ಕಾಸಬೇಕು."

ಇಡೀ ಕ್ಲಾಸು ಹೊಟ್ಟಿ ಹಿಡ್ಕೊಂಡು ನಗ್ತದ. ಸ್ಟಾಫ್ ರೂಮಿನ್ಯಾಗ ಹೇಳಿದ್ರ ಇದಕ್ಕಿಂತ ಕಡಿ. "ಲಗ್ನ ಆಗಿ ಸಂಸಾರ ಮಾಡೋ ಹೆಣ್ಮಗಳು, ಮೊಬೈಲಿನ್ಯಾಗ ಆಟ ಆಡ್ತೀರಲ್ರಿ ಟೀಚರ್" ಅಂತಾರ. ಅವರು ಊಟದ ಹೊತ್ತಿನ್ಯಾಗೆಲ್ಲಾ ಮೊಬೈಲ್ ತಿಕ್ಕೋದು ಆಟ ಅಲ್ಲಂತ. ಕತ್ತಿಗೇನು ಗೊತ್ತು ಕಸ್ತೂರಿ ವಾಸ್ನಿ ಅಂತ ನಾ ಬಾಯಿ ಮುಚ್ಕೊಂಡು ಕೂಡ್ತೀನಿ.

ಆದ್ರ ಒಂದು ಆಟದ ಸಲುವಾಗಿ ಮಾತ್ರ ಬಾಯಿ ಮುಚ್ಚಾಕ ಆಗಂಗಿಲ್ಲ. ಅದಕ್ಕ ನಾವು ದೋಣಿ ಆಟ ಅಂತೀವಿ. ಅದರ ಖರೆ ಹೆಸರು ನನ್ನ ನಾಲಿಗ್ಗಿ ಹೊಳ್ಳಂಗಿಲ್ಲ. ಮಾಡಿದವರು ಗಂಡ ಹೆಂಡ್ತಿ ಇಬ್ಬರಂತ. ಆಡಿದವರು ಅದಕ್ಕಿಂತ ಜರಾ ಹೆಚ್ಚು ಇರಬಹುದು, ಅಷ್ಟ. ಅದರಾಗ ನೀವು ಸಣ್ಣ ದೋಣಿ ನಡಸೋ ಒಬ್ಬ ಹೆಣ್ಮಗಳು. ಒಂದೊಂದು ಊರಿನ ದಂಡಿಗಿ ಹಚ್ಚಿ, ಮಂದೀನ ಹತ್ತಿಸ್ಕೊಂಡು, ಇನ್ನೊಂದು ಊರಿಗಿ ಮುಟ್ಟಸ್ತೀರಿ. ಮಾತು ಒಂದೂ ಇಲ್ಲ, ಓದೋದು ಏನೂ ಇಲ್ಲ. ಪ್ರತಿ ಊರಿನ ದಂಡಿಮ್ಯಾಲ ಕಣ್ಣು ಮುಚ್ಚಿದ ಒಬ್ಬ ಮುದುಕಿ ಕೂತಿರ್ತಾಳ. ನೀವು ಊರು ಬಿಡೋಮುಂದ ಅಕಿ ನಿಮ್ಮ ಬುಟ್ಟ್ಯಾಗ ಒಂದಿಷ್ಟು ಕಾಳು, ಒಂದು ಒಣ ಹಣ್ಣು, ಒಂದು ಬೇರು, ಒಂದು ಎಲಿ, ಒಂದು ತುಂಡು ಬಟ್ಟಿ ಹಾಕ್ತಾಳ. ದೋಣ್ಯಾಗಿನ ಮಂದಿ ಎಲ್ಲಾ ಸುಮ್ನ ನಿಂತು ನೋಡ್ತಾರ. ಇಷ್ಟ ಆಟ. ನಾ ಅದನ್ನ ಮುಗಿಸಿ, ಮತ್ತ ಆಡಿ, ಚಂದ ಅದ ಅಂತ ಇಟ್ಟಿದ್ದೆ. ಅದು ಏನು ಅಂತ ನನಗ ತಿಳಿಸಿದಾಕಿ ನಮ್ಮಕ್ಕ.

ಅಕ್ಕ ಇರೋದು ಮಾನ್ವ್ಯಾಗ. ಮದ್ವಿ ಆಗಿ ಭಾಳ ದಿನ ಆಗಿರಲಿಲ್ಲ, ಎದಿನೋವು ಅಂತ ಗ್ವಾಡಿಗಿ ಆತು ಕೂತ ಅಕಿ ಗಂಡ ಮತ್ತ ಏಳಲಿಲ್ಲ. ಮಕ್ಕಳಾಗಿರಲಿಲ್ಲ. ದೇವದುರ್ಗದಾಗಿನ ನಮ್ಮ ತವರುಮನಿಗಿ ಬಾ ಅಂದ್ರ ಬರಲಿಲ್ಲ. ಅತ್ತಿ ಜೋಡಿ ಅಲ್ಲೇ ಉಳಿದ್ಳು, ಹೊಲಿಗಿ ಮಿಷನ್ ಇಟ್ಕೊಂಡ್ಳು. ಕುಬಸ ಹೊಲಿಯೋದ್ರಾಗ ಅಕಿ ಕೈ ಭಾಳ ಚಂದ. ಓಣ್ಯಾಗಿನ ಮುತ್ತೈದ್ಯಾರಿಗಿ ತವರುಮನ್ಯಾಗ ಉಡಿ ತುಂಬಿದಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲಿ, ಅರಿಷಿಣಬೇರಿನ ಜೋಡಿ ಕುಬಸದ ಬಟ್ಟಿ ಸೆರಗಿಗಿ ಬೀಳ್ತದಲ್ಲ, ಆ ಬಟ್ಟಿ ಎಲ್ಲಾ ಹೊಲಿಯಾಕ ಬರೋದು ನಮ್ಮಕ್ಕನ ಮಿಷನ್ನಿಗೇ. ಅಕಿ ಉಡಿಗಿ ಮಾತ್ರ ಗಂಡ ಸತ್ತ ಮ್ಯಾಲ ಒಂದು ಕಾಳು ಬಿದ್ದಿಲ್ಲ.

ನಮ್ಮನ್ಯಾಗ ಮುಂಜಾನೆದ್ದು ಹಣಿಗಿ ಇಬತ್ತಿ ಹಚ್ಕೊಂಡು, ಮ್ಯಾಲು ಕೀಳು ಇಲ್ಲ, ಹೆಣ್ಣು ಗಂಡು ಒಂದೇ ಅಂತ ಶರಣರ ಮಾತು ಹೇಳ್ತಾರ. ಉಡಿ ತುಂಬೋ ತಾಟು ಕೈಯಾಗ ಬಂತಂದ್ರ ಆ ಮಾತೆಲ್ಲಾ ಎಲ್ಲಿ ಹೋಗ್ತಾವೋ. ಪ್ರತಿ ಸರ್ತಿ ನಾವು ಹೆಣ್ಮಕ್ಕಳು ತವರು ಬಿಟ್ಟು ಹೊಂಟಾಗ ಅವ್ವ ನನ್ನ ಕುಂದ್ರಿಸಿ, ಹಣಿಗಿ ಕುಂಕುಮ ಹಚ್ಚಿ, ಸೆರಗು ತುಂಬ ಹಾಕ್ತಾಳ. ಅಕ್ಕ ಆ ಹೊತ್ತಿಗಿ ಸರಿಯಾಗಿ ಎದ್ದು ನೀರು ಕುಡಿಯಾಕ ಒಳಗ ಹೋಗ್ತಾಳ. ಯಾರೂ ಅಕೀನ ಎಬ್ಬಸಂಗಿಲ್ಲ, ತಾನೇ ಏಳ್ತಾಳ.

ಒಂದು ಬ್ಯಾಸಗಿ ಸೂಟ್ಯಾಗ ನಾ ಮಾನ್ವಿಗಿ ಹೋದಾಗ ಕರೆಂಟು ಹೋಗಿ ಅಕ್ಕನ ಮಿಷನ್ ನಿಂತಿತ್ತು. ಬೀಸಣಿಕಿ ಬೀಸ್ಕೋತ ಕೂತಿದ್ಳು. ಸುಮ್ನ ಕೂಡಾಕ ಬರದ ಹೆಣ್ಮಗಳು ಅಕಿ. ಅಕಿ ಮೊಬೈಲಿಗಿ ದೋಣಿ ಆಟ ಹಾಕಿಕೊಟ್ಟೆ.

"ಇದನ್ನ ಆಡಿದ್ರ ಏನು ಬರ್ತದ?" ಅಂದ್ಳು.

"ಏನೂ ಬರಂಗಿಲ್ಲ. ಆಡಕ್ಕ."

ಬೈಕೋತ ಆಡಾಕ ಹತ್ತಿದಳು. "ಇವನೌನ, ಈ ದೋಣಿ ಎತ್ತಾಗ ಹೊಂಟದ," ಅನ್ಕೋತ ಮೊದಲನೇ ಊರು ಮುಟ್ಟಿದ್ಳು. ಊರು ಬಿಡೋಮುಂದ ಮುದುಕಿ ಕಾಳು ಹಾಕಿದ್ಳು, ಒಣ ಹಣ್ಣು ಹಾಕಿದ್ಳು, ಬೇರು, ಎಲಿ, ಬಟ್ಟಿ ಹಾಕಿದ್ಳು. ಅಕ್ಕನ ಕೈಯಾಗಿನ ಬೀಸಣಿಕಿ ನಿಂತುಬಿಡ್ತು.

"ತಂಗಿ, ಇದು ಉಡಿ ಅಲ್ಲೇನ?"

ನಾ ನೋಡಿದೆ. ಹೌದು, ಉಡೀನೇ. ನನಗ್ಯಾಕ ಹೊಳೀಲಿಲ್ಲ ಅಂತ ನನ್ನ ತಲಿ ನಾನೇ ಬಡ್ಕೊಂಡೆ. ಉಡಿ ತುಂಬಿಸ್ಕೊಂಡು ರೂಢಿ ಆದಾಕಿಗಿ ಎಲ್ಲಿ ಹೊಳೀತದ.

ದೋಣಿ ಹೊಂಟಿರಲಿಲ್ಲ. ಹೊರಡಾಕ ಒಂದು ಬಟನ್ ಒತ್ತಬೇಕು, ಅಕ್ಕ ಒತ್ತವಲ್ಲಳು. "ಒತ್ತಕ್ಕ, ಮುಂದಿನೂರಿಗಿ ಹೋಗು," ಅಂದೆ. "ಹಂಗ ಹೆಂಗ ಹೋಗ್ಲಿ?" ಅಂದ್ಳು. ನಮ್ಮ ಕಡಿ ಉಡಿ ತುಂಬಿಸ್ಕೊಂಡಾಕಿ ಒಂದು ಹಿಡಿ ಅಕ್ಕಿ ತಿರುಗಿ ತಾಟಿಗಿ ಹಾಕೇ ಏಳಬೇಕು. ತವರುಮನಿ ಖಾಲಿ ಆಗಬಾರದಂತ. ಅಕ್ಕ ಬುಟ್ಟ್ಯಾಗಿನ ಕಾಳಿನ ಮ್ಯಾಲ ಕೈಬಟ್ಟು ಇಟ್ಟು, ಎಳದು, ಮುದುಕಿ ಉಡ್ಯಾಗ ಬಿಟ್ಳು. ಹಂಗ ಮಾಡಾಕ ಬರಂಗಿಲ್ಲಕ್ಕ, ಇದು ಆಟ ಅಂತ ನಾ ಹೇಳಾಕತ್ತಿದ್ದೆ.

ಮುದುಕಿ ಕಣ್ಣು ತಗದ್ಳು.

ಇಡೀ ಆಟ ಮುಗಿಸಿದಾಗೂ ನಾ ಆ ಕಣ್ಣು ನೋಡಿರಲಿಲ್ಲ. ಮುದುಕಿ ಕಣ್ಣು ತಗದು, ಮ್ಯಾಲ ನೋಡಿ, ಕೈ ಎತ್ತಿ ದೋಣಿಯಾಕಿ ತಲಿ ಮ್ಯಾಲ ಇಟ್ಳು. ಆಮ್ಯಾಲ ಮತ್ತ ಕಣ್ಣು ಮುಚ್ಚಿದ್ಳು. ಈ ಆಟದ ಬಗ್ಗಿ ಬರದವರು ಯಾರೂ ಇದನ್ನ ಬರದಿಲ್ಲ, ನಾ ಹುಡುಕಿ ನೋಡೀನಿ. ತಿರುಗಿ ಕೊಡಬೇಕು ಅಂತ ಅವರಿಗಿ ಯಾಕ ಅನಸ್ತದ? ಆ ಇಬ್ಬರು ಯಾವ ಊರವರೋ, ಯಾರಿಗೆ ಸಿಗಲಿ ಅಂತ ಅದನ್ನ ಅಲ್ಲಿ ಬಚ್ಚಿಟ್ಟಿದ್ರೋ, ಮಾನ್ವಿಯ ನಮ್ಮಕ್ಕನಿಗಿ ಸಿಕ್ತು.

ಅಕ್ಕ ಅತ್ತಳು. ಸಪ್ಪಳಿಲ್ಲದಂಗ ಅಲ್ಲ, ಬಿಕ್ಕಿ ಬಿಕ್ಕಿ. ಒಳಗಿಂದ ಅಕಿ ಅತ್ತಿ "ಏನಾತಬೇ?" ಅಂತ ಕೇಳಿದ್ರ "ಏನಿಲ್ಲತ್ತಿ, ಸೂಜಿ ಚುಚ್ಚಿತು" ಅಂದ್ಳು. ಕರೆಂಟೇ ಇಲ್ಲ, ಮಿಷನ್ನೇ ನಿಂತದ, ಸೂಜಿ ಹೆಂಗ ಚುಚ್ಚೀತು. ಆ ಮುದುಕಿ ಕೇಳಲಿಲ್ಲ ನೋಡು ತಂಗಿ, ಗಂಡ ಅದಾನೇನು ಅಂತ ಕೇಳಲಿಲ್ಲ, ಅಂತ ಆಮ್ಯಾಲ ನನಗ ಮೆಲ್ಲಕ ಹೇಳಿದ್ಳು.

ಅವತ್ತಿಂದ ನನ್ನ ತಲ್ಯಾಗ ಒಂದೇ. ನಮ್ಮವ್ವ ಅಕ್ಕನ ಉಡಿ ತುಂಬಬೇಕು. ಆಟದ ಮುದುಕಿ ತುಂಬತಾಳಂದ್ರ ಹಡದ ತಾಯಿಗಿ ಏನು ಧಾಡಿ?

ಅಣ್ಣನ ಮಗಳ ಮದ್ವಿ ಬಂತು, ದೇವದುರ್ಗದಾಗೇ. ನಾ ಮೊದಲೇ ಹೋದೆ. ಗಬ್ಬೂರು ದಾಟೋತನಕ ಬಸ್ಸಿನ್ಯಾಗ ಕೂತು ಅವ್ವಗ ಏನೇನು ಹೇಳಬೇಕು ಅಂತ ಜೋಡಿಸ್ಕೊಂಡಿದ್ದೆ. ಮನಿಗಿ ಹೋದ ಮ್ಯಾಲ ಒಂದೂ ನೆಪ್ಪಿಗಿ ಬರಲಿಲ್ಲ. ಸಂಡಿಗಿ ಒಣಾ ಹಾಕಿ ಅವ್ವ ಕಾಗಿ ಕಾಯ್ಕೋತ ಕೂತಾಗ ಮೊಬೈಲ್ ಕೈಯಾಗ ಇಟ್ಟೆ. ಚಷ್ಮಾ ಹಾಕ್ಕೊಂಡು, ದೋಣೀನ ದಂಡಿಗಿ ಗುದ್ದಿಸ್ಕೋತ, ಹೆಂಗೋ ಮುದುಕಿ ಹಂತ್ಯಾಕ ಬಂದ್ಳು. ಉಡಿ ತುಂಬಿದ್ದು ನೋಡಿ "ಯಾರೋ ಪುಣ್ಯಾತ್ಗಿತ್ತಿ" ಅಂದ್ಳು. ಒಂದು ಹಿಡಿ ತಿರುಗಿ ಕೊಡು ಅಂತ ನಾ ಹೇಳೋದು ಬೇಕಾಗಲಿಲ್ಲ, ಅಕಿ ಬಟ್ಟು ತಾನೇ ಕಾಳಿಗಿ ಹೋತು. ಮುದುಕಿ ಕಣ್ಣು ತಗದಾಗ ಅವ್ವ ನನ್ನ ಮಾರಿ ನೋಡಿದ್ಳು.

"ಅಕ್ಕನ್ನೂ ಹಿಂಗೇ ನೋಡಿದ್ಳಬೇ ಯವ್ವಾ ಈ ಮುದುಕಿ," ಅಂದೆ. "ಹಣಿ ಮ್ಯಾಲ ಕುಂಕುಮ ಅದ ಇಲ್ಲ ಅಂತ ನೋಡಲಿಲ್ಲ. ನೀನರ ಯಾಕ ನೋಡ್ತಿ?"

ಅವ್ವ ಮೊಬೈಲ್ ವಾಪಸ್ ಕೊಟ್ಟು, ಸೆರಗಿಲೆ ಚಷ್ಮಾ ಒರಸಿದ್ಳು, ಭಾಳ ಹೊತ್ತು ಒರಸಿದ್ಳು. ನನ್ನ ಜೀವಕ್ಕ ಆಸಿ ಬಂತು. ಈ ಸರ್ತಿ ತುಂಬತಾಳ ಅಂತ ಅಕ್ಕಗ ಫೋನ್ ಹಚ್ಚಿ ಹೇಳೇಬಿಟ್ಟೆ. ಅಕಿ ಮದ್ವಿಗಿ ಬರೋಮುಂದ ಹೊಸಾ ಸೀರಿ ಉಟ್ಕೊಂಡು ಬಂದಿದ್ಳು, ಅಗಲ ಸೆರಗಿಂದು.

ಮದ್ವಿ ಆತು. ಮರುದಿನ ಎಲ್ಲಾರೂ ತಮ್ಮ ತಮ್ಮ ಊರಿಗಿ ಹೊಂಟ್ರು. ಪಡಸಾಲ್ಯಾಗ ಜಮಖಾನಿ ಹಾಸಿ ಹೆಣ್ಮಕ್ಕಳು ಸಾಲಾಗಿ ಕೂತ್ವಿ. ಅಕ್ಕ ಈ ಸರ್ತಿ ನೀರು ಕುಡಿಯಾಕ ಏಳಲಿಲ್ಲ, ನನ್ನ ಬಾಜೂಕ ಕೂತ್ಳು. ಅಣ್ಣನ ಹೆಂಡ್ತಿ, ನಮ್ಮ ವೈನಿ, ತಾಟು ಹಿಡದಿದ್ಳು, ಅವ್ವ ಒಬ್ಬೊಬ್ಬರಿಗೇ ಉಡಿ ತುಂಬಿಕೋತ ಬಂದ್ಳು. ಕಾಕಾನ ಮಗಳಿಗಿ ಆತು, ನನಗಾತು. ಅಕ್ಕನ ಕೈ ಸೆರಗಿನ ಚುಂಗು ಹಿಡದಿತ್ತು.

ಅವ್ವ ಅಕ್ಕನ ಮುಂದ ನಿಂತ್ಳು. ಕೈಯಾಗ ಅಕ್ಕಿ ಇತ್ತು. ಸುತ್ತ ಬೀಗರು, ಓಣ್ಯಾಗಿನ ಹೆಣ್ಮಕ್ಕಳು ಎಲ್ಲಾ ನೋಡಾಕತ್ತಿದ್ರು. ಯಾರೋ ಕೆಮ್ಮಿದ್ರು. ಅವ್ವ ಆಚಿ ಕಡಿ ಕೂತ ಸೋದರತ್ತಿ ಮಗಳಿಗಿ ಆ ಅಕ್ಕಿ ಹಾಕಿದ್ಳು. ಅಕ್ಕ ಸೆರಗಿನ ಚುಂಗು ಬಿಟ್ಳು. ನಾ ಎದ್ದು ಜಗಳಾ ತಗಿಯೋದ್ರಾಗ ನನ್ನ ಮಣಕಾಲು ಒತ್ತಿ ಹಿಡದು ಕುಂದ್ರಿಸಿದ್ಳು.

ಆಮ್ಯಾಲ, ಮಂದಿ ಕಡಿಮಿ ಆದ ಮ್ಯಾಲ, ಅವ್ವ ನಮ್ಮಿಬ್ಬರನ್ನ ಜ್ವಾಳ ಇಡೋ ಖೋಲಿಗಿ ಕರದ್ಳು. ಬಾಗ್ಲಾ ಹಾಕಿದ್ಳು, ಚಿಲಕನೂ ಹಾಕಿದ್ಳು. ಚೀಲದ ಮ್ಯಾಲ ತಾಟು ತಯಾರಿತ್ತು. ಎಲ್ಲಾರಿಗಿಂತ ಚಲೋ ಕುಬಸದ ಬಟ್ಟಿ ಅಕ್ಕಗ ಅಂತೇ ಎತ್ತಿಟ್ಟಿದ್ಳು, ಹಸರು ಖಣ. "ಸೆರಗು ಹಿಡಿ ಮಗಳ," ಅಂದ್ಳು. ಅಕ್ಕ ಸೆರಗು ಹಿಡದ್ಳು. ಅವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ, ಬೇರು, ಎಲಿ, ಖಣ ಎಲ್ಲಾ ಹಾಕಿ ಕಣ್ಣೀರು ಹಾಕಿದ್ಳು.

ಅಕ್ಕ ಪದ್ಧತಿಯಂಗ ಒಂದು ಹಿಡಿ ಅಕ್ಕಿ ತಿರುಗಿ ತಾಟಿಗಿ ಹಾಕಿದ್ಳು. ಇನ್ನೊಂದು ಹಿಡಿ ಹಾಕಿದ್ಳು. ಆಮ್ಯಾಲ ಕೊಬ್ಬರಿ ಇಟ್ಳು. ಉತ್ತತ್ತಿ, ಬೇರು, ಎಲಿ ಇಟ್ಳು. ಖಣ ಮಡಚಿ, ಗೀರು ಬೀಳದಂಗ ಕೈಲೆ ತೀಡಿ, ಅದನ್ನೂ ಇಟ್ಳು. ಸೆರಗು ಝಾಡಿಸಿ ಕಡೀ ಕಾಳೂ ತಾಟಿಗಿ ಬೀಳಿಸಿದ್ಳು.

"ಯಾಕಬೇ?" ಅಂದ್ಳು ಅವ್ವ.

"ಬಾಗ್ಲಾ ತಗದು ತುಂಬಿದ್ರ ಒಯ್ತಿದ್ನೆಬೇ ಯವ್ವಾ."

"ಮದ್ವಿ ಮನಿ... ಆ ಮದಮಗಳು ಕೂಸಿಗಿ ನಾಳಿ ಏನರ ಹೆಚ್ಚುಕಡಿಮಿ ಆದ್ರ ನಿನ್ನ ಮ್ಯಾಲೇ ಹಾಕ್ತಾರ. ಅದಕ್ಕ ಹೆದರೀನಿ."

"ಗೊತ್ತದ," ಅಂದ್ಳು ಅಕ್ಕ. ಸಿಟ್ಟು ಇರಲಿಲ್ಲ ಅಕಿ ದನ್ಯಾಗ, ಅದೇ ನನಗ ತಡಕೊಳ್ಳಾಕ ಆಗಲಿಲ್ಲ. ಅವ್ವನ ಕಣ್ಣು ತನ್ನ ಸೆರಗಿಲೇ ಒರಸಿ ಚಿಲಕಾ ತಗದ್ಳು.

ಬಸ್ ಸ್ಟ್ಯಾಂಡಿನ್ಯಾಗ ಮಾನ್ವಿ ಬಸ್ ನಿಂತಿತ್ತು. ಅಕ್ಕ ಖಿಡಕಿ ಬಾಜೂಕ ಕೂತ್ಳು, ನಾ ಕೆಳಗ ನಿಂತೆ. ಅಕಿ ಮೊಬೈಲ್ ತಗದು ದೋಣಿ ಆಟ ಹಚ್ಚಿದ್ಳು. ಖಿಡಕ್ಯಾಗಿಂದ ನನಗೂ ಕಾಣ್ತಿತ್ತು. ಮುದುಕಿ ಒಂದೊಂದೇ ಹಾಕಿದ್ಳು, ಮಂದಿ ಎಲ್ಲಾ ನಿಂತು ನೋಡಿದ್ರು. ಅಕ್ಕ ಬಟ್ಟು ಇಟ್ಟು ಎಳದು ಒಂದು ಹಿಡಿ ಕಾಳು ತಿರುಗಿ ಕೊಟ್ಳು. ಮುದುಕಿ ಕಣ್ಣು ತಗದು ಕೈ ಎತ್ತಿದಾಗ, ಬಸ್ಸಿನ್ಯಾಗ ಕೂತ ನಮ್ಮಕ್ಕ ತಲಿ ಬಗ್ಗಿಸಿದ್ಳು.

ಆಮ್ಯಾಲ ಖಿಡಕ್ಯಾಗಿಂದ ಬಗ್ಗಿ ನನ್ನ ನೋಡಿದ್ಳು.

"ತಂಗಿ, ನೀ ಕಂಪ್ಯೂಟರ್ ಕಲಿಸಾಕಿ. ಈ ಮುದುಕಿಗಿ ನಮ್ಮವ್ವನ ಮಾರಿ ಹಚ್ಚಾಕ ಬರ್ತದೇನ?"

"ಬರಂಗಿಲ್ಲಕ್ಕ," ಅಂದೆ.

ಅಕಿ ಹೂಂ ಅಂತ ಮೊಬೈಲ್ ಚೀಲದಾಗ ಇಟ್ಕೊಂಡ್ಳು, ಕಂಡಕ್ಟರ್ ಬಾಗ್ಲಾ ಹಾಕಿದ.