ಸ್ಪೀಕರ್‌ಗೆ ಹಾಕಿದ ಪ್ರಶ್ನೆಪತ್ರಿಕೆ

ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ‘ಅಯ್ಯೋ ಪಾಪ’ ಎನ್ನುವವರು ಅಂದು ಮುಗಿಸಲಿ. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿಯುವಷ್ಟರಲ್ಲಿ ಒಂದು ‘ಪಾಪ’ವಾದರೂ ಕಿವಿಗೆ ಬೀಳುತ್ತಿತ್ತು. ಅಲ್ಲಿನ ಕಾಲೇಜಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ನನಗೆ ಬೇಕಾಗಿದ್ದದ್ದು ಅದಲ್ಲ. ನನ್ನ ಪರೀಕ್ಷೆಯನ್ನು ನಾನೇ ಬರೆಯಬೇಕಿತ್ತು.

ಮೊದಲ ಇಂಟರ್ನಲ್ ಪರೀಕ್ಷೆಗೆ, ನಾನು ಹೇಳಿದ್ದನ್ನು ಬರೆಯಲು ಜೂನಿಯರ್ ಹುಡುಗಿಯೊಬ್ಬಳನ್ನು ಕೂರಿಸಿದ್ದರು. ನಾನು ವಚನವೊಂದನ್ನು ಬಿಡಿಸಿ ಹೇಳತೊಡಗಿದರೆ ಅವಳು, “ಅಕ್ಕಾ, ಅಷ್ಟೆಲ್ಲ ಬೇಕಾ? ಕೈ ನೋಯ್ತಿದೆ” ಎಂದು ನಾಲ್ಕು ಸಾಲಿಗೆ ಮುಗಿಸಿಬಿಟ್ಟಳು. ಅಂಕ ಕಡಿಮೆ ಬಂತು. ಕೇಳಲು ಹೋದರೆ ಆ ಪತ್ರಿಕೆ ತಿದ್ದಿದ ನಮ್ಮ ಮೇಷ್ಟ್ರು, “ಅಕ್ಷರ ಮಾತ್ರ ಮುತ್ತಿನ ಹಾಗಿತ್ತಮ್ಮ” ಎಂದರು. ಮೈಯೆಲ್ಲ ಉರಿದುಹೋಯಿತು.

ಮುಂದಿನ ಪರೀಕ್ಷೆಗೆ ಕಂಪ್ಯೂಟರೇ ಬೇಕೆಂದು ಹಟ ಹಿಡಿದೆ. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಟೈಪಿಂಗ್ ನನಗೆ ನೀರು ಕುಡಿದಷ್ಟು ಸುಲಭ. ಪ್ರಶ್ನೆಪತ್ರಿಕೆ, ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ನಲ್ಲಿದ್ದರೆ ಸಾಕಿತ್ತು. ನಮ್ಮ ವಿಭಾಗದವರು ಬಿಡಲೊಲ್ಲದ ಹಳೆಯ ಫಾಂಟ್ ನೋಡುವವರ ಕಣ್ಣಿಗೆ ಕನ್ನಡ. ಕಂಪ್ಯೂಟರಿನ ಪಾಲಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಇದನ್ನು ಹೇಳಿದಾಗಲೆಲ್ಲ ಮೇಷ್ಟ್ರು, “ಆಯ್ತಮ್ಮ, ಆಯ್ತು” ಎನ್ನುತ್ತಿದ್ದರು.

ಪರೀಕ್ಷೆಯ ದಿನ ಅವರು ಕೊಟ್ಟ ಪೆನ್‌ಡ್ರೈವ್ ಹಾಕಿ ಇಯರ್‌ಫೋನ್ ಸಿಕ್ಕಿಸಿಕೊಂಡೆ. “ಎ, ಡಾಲರ್, ಬ್ರಾಕೆಟ್, ಕ್ಯೂ...” ಅದೇ ಹಳೆಯ ಫಾಂಟ್!

ಕರೆದು ಹೇಳಿದೆ. “ಅಭ್ಯಾಸಬಲ ಕಣಮ್ಮ, ಮರ್ತೇ ಹೋಯ್ತು. ಬರೆಯೋಕೆ ಯಾರನ್ನಾದ್ರೂ ಕರೀತೀನಿ ಬಿಡು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು...” ಎಂದವರು ಅಲ್ಲಿಗೇ ಮಾತು ನುಂಗಿಕೊಂಡರು.

ನಾನು ಇಯರ್‌ಫೋನ್ ಕಿತ್ತು ವಾಲ್ಯೂಮ್ ಪೂರ್ತಿ ಏರಿಸಿದೆ. ಡಾಲರ್, ಬ್ರಾಕೆಟ್ ಎಂದು ಲ್ಯಾಪ್‌ಟಾಪ್ ಇಡೀ ಕೋಣೆಗೆ ಕೇಳುವಂತೆ ಒದರತೊಡಗಿತು. ಪರೀಕ್ಷೆ ಬರೆಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಸಾರ್, ಇದು ನೀವೇ ಟೈಪ್ ಮಾಡಿರೋ ಪೇಪರ್. ಕಣ್ಣಿರೋರು ಯಾರಾದ್ರೂ ಇದನ್ನ ಕೇಳಿಸ್ಕೊಂಡು ಒಂದು ಪ್ರಶ್ನೆಗೆ ಉತ್ತರ ಹೇಳ್ಲಿ. ಆಮೇಲೆ ನೀವು ಯಾರನ್ನ ಕರೀತೀರೋ ಅವ್ರ ಹತ್ರ ಬರೆಸ್ತೀನಿ.”

ಅಂಕ ಹಾಕುವವರೂ ಈ ಮೇಷ್ಟ್ರೇ ಎಂಬ ಹೆದರಿಕೆ ನನಗಿತ್ತು. ಆದರೂ ವಾಲ್ಯೂಮ್ ತಗ್ಗಿಸಲಿಲ್ಲ.

ಕೊನೆಗೆ ಅವರೇ ಕುರ್ಚಿ ಎಳೆದುಕೊಂಡು ಕೂತು, ನನ್ನ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ಪ್ರಶ್ನೆಗಳನ್ನು ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡತೊಡಗಿದರು. ಕೀಲಿ ಹುಡುಕುವುದು, ಕುಟ್ಟುವುದು, ಅಳಿಸುವುದು. ಅರ್ಧಕ್ಕೇ ಸುಸ್ತಾಗಿ, “ಟೈಮ್ ಹೋಗ್ತಿದೆಯಲ್ಲಮ್ಮ, ಉಳಿದಿದ್ದನ್ನ ನಾನೇ ಓದಿ ಹೇಳ್ಬಿಡ್ಲಾ?” ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು.

“ಬೇಡ ಸಾರ್, ಟೈಪ್ ಮಾಡಿ. ಈಗ ಹೋಗ್ತಿರೋದು ನಿಮ್ಮ ಟೈಮು. ನನ್ನದು ನೀವು ಮುಗಿಸಿದ ಮೇಲೆ ಶುರು.”